ಒಣಗದ ಬಣ್ಣ, ಅವಸರದ ಕಲಾವಿದ

ಕಳೆದ ವರ್ಷ ಅಜ್ಜಿಯ ವರ್ಷಾಂತಿಕಕ್ಕೆ ಅವಳದೊಂದು ತೈಲಚಿತ್ರ ಬಿಡಿಸಿ ಗೋಡೆಗೆ ಹಾಕಬೇಕು ಅಂತ ಹೊರಟಿದ್ದೆ. ಆಫೀಸಿನ ಕೆಲಸ, ರಾತ್ರಿ ಕಾಲ್‌ಗಳ ನಡುವೆ ಮುಖ ಮುಗಿಯುವ ಹೊತ್ತಿಗೆ ಉಳಿದಿದ್ದು ನಾಲ್ಕೇ ದಿನ. ಬಣ್ಣ ಇನ್ನೂ ಹಸಿ. ಅಂಗಡಿಯಿಂದ ಕೋಬಾಲ್ಟ್ ಡ್ರೈಯರ್ ಅನ್ನುವ ನೇರಳೆ ದ್ರಾವಣ ತಂದೆ. ಹನಿ ಲೆಕ್ಕದಲ್ಲಿ ಹಾಕಿ ಅಂತ ಬಾಟಲಿ ಮೇಲೆ ಬರೆದಿತ್ತು. ನಾನು ಕೊನೆಯ ಪದರದ ಬಣ್ಣಕ್ಕೆ ಒಂದು ಚಮಚ ಸುರಿದೆ! ಬೆಳಿಗ್ಗೆ ಮುಟ್ಟಿದರೆ ಒಣಗಿತ್ತು. ಖುಷಿಯೋ ಖುಷಿ. ವಾರ ಕಳೆಯುವುದರೊಳಗೆ ಅಜ್ಜಿಯ ಕೆನ್ನೆ ಮೇಲೆ, ಅವಳಿಗೆ ಯಾವತ್ತೂ ಇರದಿದ್ದ ಸುಕ್ಕುಗಳು.

ಏನು ತಪ್ಪಾಯಿತು ಅಂತ ಹುಡುಕುತ್ತಾ ಹೋದವನಿಗೆ ಗೊತ್ತಾಗಿದ್ದು, ಈ ಅವಸರಕ್ಕೆ ಶತಮಾನಗಳ ಇತಿಹಾಸ ಇದೆ ಅಂತ.

ಒದ್ದೆ ಬಟ್ಟೆ ಒಣಗುವ ಹಾಗೆ ತೈಲವರ್ಣ ಒಣಗುವುದಿಲ್ಲ. ಅದರಲ್ಲಿರುವುದು ಅಗಸೆ ಎಣ್ಣೆ (ಉತ್ತರ ಕರ್ನಾಟಕದವರು ಅಗಸಿ ಚಟ್ನಿ ಮಾಡ್ತಾರಲ್ಲ, ಅದೇ ಬೀಜದ್ದು). ಅದು ಗಾಳಿಯಿಂದ ಆಮ್ಲಜನಕ ಹೀರಿಕೊಂಡು, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಮೊದಮೊದಲು ತೂಕ ಹೆಚ್ಚುತ್ತದೆ ಕೂಡ. ಸೀಸ, ಮ್ಯಾಂಗನೀಸ್, ಕೋಬಾಲ್ಟ್ ಈ ಕ್ರಿಯೆಯನ್ನು ಚುರುಕು ಮಾಡುತ್ತವೆ, ಅಷ್ಟೇ.

ಎಣ್ಣೆ ಬಣ್ಣವನ್ನು ಕಂಡುಹಿಡಿದವನು ಫ್ಲಾಂಡರ್ಸ್‌ನ ಯಾನ್ ವಾನ್ ಐಕ್ ಅಂತ 1550ರಲ್ಲಿ ವಸಾರಿ ಬರೆದ. ಬಿಸಿಲಿಗಿಟ್ಟ ಚಿತ್ರದ ಹಲಗೆ ಬಿರುಕುಬಿಟ್ಟಿದ್ದರಿಂದ ಸಿಟ್ಟಾಗಿ, ನೆರಳಲ್ಲೇ ಒಣಗುವ ಎಣ್ಣೆ ಹುಡುಕಿದನಂತೆ. ಕಥೆ ಚೆನ್ನಾಗಿದೆ, ಆದರೆ ನಿಜ ಅಲ್ಲ. ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳಲ್ಲಿ ಸುಮಾರು 7ನೇ ಶತಮಾನದ ಬೌದ್ಧ ಚಿತ್ರಗಳಲ್ಲೇ ಒಣಗುವ ಎಣ್ಣೆ ಇದ್ದದ್ದು 2008ರಲ್ಲಿ ಬೆಳಕಿಗೆ ಬಂತು. ಇನ್ನು 12ನೇ ಶತಮಾನದಲ್ಲಿ ಥಿಯೋಫಿಲಸ್ ಅನ್ನುವ ಸನ್ಯಾಸಿ, ಒಂದು ಪದರ ಒಣಗದೆ ಇನ್ನೊಂದು ಹಚ್ಚುವ ಹಾಗಿಲ್ಲ, ಇದು ತೀರಾ ಬೇಸರದ ಕೆಲಸ ಅಂತ ಗೊಣಗಿದ್ದಾನೆ. ಓದಿ ನನಗೆ ಸಮಾಧಾನವಾಯಿತು!

ಯುರೋಪಿನವರು ಕಂಡುಕೊಂಡ ಉಪಾಯ ಸೀಸ. ಲಿಥಾರ್ಜ್ ಅನ್ನುವ ಸೀಸದ ಆಕ್ಸೈಡನ್ನು ಎಣ್ಣೆಯಲ್ಲಿ ಹಾಕಿ ಕುದಿಸುತ್ತಿದ್ದರು. ಸೀಸದ ಅಸಿಟೇಟನ್ನೂ ಬಳಸುತ್ತಿದ್ದರು. ಅದು ನಾಲಿಗೆಗೆ ಸಿಹಿ, ಹಾಗಾಗಿ ಹೆಸರೇ ಸೀಸದ ಸಕ್ಕರೆ. ಬಣ್ಣವನ್ನು ಪದರದ ಆಳದವರೆಗೂ ಒಣಗಿಸುವುದರಲ್ಲಿ ಸೀಸಕ್ಕೆ ಸಾಟಿ ಇಲ್ಲ. ಮೆದುಳು, ನರಗಳನ್ನು ಹಾಳುಮಾಡುವುದರಲ್ಲೂ ಅದು ಹಿಂದೆ ಬಿದ್ದಿಲ್ಲ.

ಅವಸರದ ಅತಿರೇಕ ಅಂದರೆ ಇಂಗ್ಲೆಂಡಿನ ಜೋಶುವಾ ರೆನಾಲ್ಡ್ಸ್ (1723-1792). ಲಂಡನ್ನಿನ ರಾಯಲ್ ಅಕಾಡೆಮಿಯ ಮೊದಲ ಅಧ್ಯಕ್ಷ. ಬಿಡುವಿಲ್ಲದ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಜನ ಅವನ ಮುಂದೆ ಬಂದು ಕೂರುತ್ತಿದ್ದರು. ಹಳೆಯ ವೆನಿಸ್ ಚಿತ್ರಕಾರರ ಹೊಳಪು ತನ್ನ ಚಿತ್ರಕ್ಕೂ ಬರಬೇಕು, ಬೇಗನೂ ಮುಗಿಯಬೇಕು. ಸೀಸ ಹಾಕಿ ಕುದಿಸಿದ ಎಣ್ಣೆಗೆ ಮ್ಯಾಸ್ಟಿಕ್ ಅನ್ನುವ ಮರದ ಅಂಟಿನ ವಾರ್ನಿಷ್ ಬೆರೆಸಿದರೆ ಮೆಗಿಲ್ಪ್ ಅನ್ನುವ ಲೋಳೆ ಆಗುತ್ತದೆ. ಹಚ್ಚಲು ಬಲು ಸೊಗಸು. ಅದರ ಜೊತೆ ಮೇಣ, ರಾಳ, ಸರಿಯಾಗಿ ಎಂದೂ ಒಣಗದ ಬಿಟುಮೆನ್, ಹೀಗೆ ಒಂದರ ಮೇಲೊಂದು. ಒಂದು ಪದರ ಬೇಗ ಒಣಗುವುದು, ಅದರ ಕೆಳಗಿನದು ನಿಧಾನ. ಚಿತ್ರ ಬಿರುಕುಬಿಡದೆ ಇನ್ನೇನು ಮಾಡೀತು? ಕೆಂಪಿಗೆ ನಿಲ್ಲದ ಬಣ್ಣ ಬಳಸಿದ್ದರಿಂದ, ಚಿತ್ರದಲ್ಲಿದ್ದವರು ಬದುಕಿರುವಾಗಲೇ ಅವರ ಮುಖ ಬಿಳಚಿಕೊಂಡಿತು. ಚಿತ್ರ ಬಾಳುವಷ್ಟು ದಿನ ಮಾತ್ರ ವರ್ಷಾಶನದ ಹಾಗೆ ಹಣ ಕೊಟ್ಟರಾಯಿತು ಅಂತ ಹೊರೇಸ್ ವಾಲ್ಪೋಲ್ ತಮಾಷೆ ಮಾಡಿದ್ದನಂತೆ.

ಆದರೂ ಅವನ ಮೇಲೆ ನನಗೊಂದು ಗೌರವ. ಪ್ರಯೋಗಗಳಲ್ಲಿ ಹಲವನ್ನು ತನ್ನ ಲೆಕ್ಕದ ಪುಸ್ತಕದಲ್ಲಿ ಅರ್ಧಂಬರ್ಧ ಇಟಾಲಿಯನ್‌ನಲ್ಲಿ ಟಿಪ್ಪಣಿ ಮಾಡಿಟ್ಟಿದ್ದಾನೆ. ಕೋಡಿಗೆ ಕಾಮೆಂಟ್ ಬರೆಯದ ನಮ್ಮ ಟೀಮಿನವರಿಗಿಂತ ವಾಸಿ! ಲಂಡನ್ನಿನ ವಾಲೇಸ್ ಕಲೆಕ್ಷನ್ 2015ರಲ್ಲಿ ಅವನ ಬಣ್ಣದ ಪ್ರಯೋಗಗಳ ಬಗ್ಗೆಯೇ ಒಂದು ಪ್ರದರ್ಶನ ನಡೆಸಿತು.

ನನ್ನ ಕೋಬಾಲ್ಟ್ ಬಂದಿದ್ದು ಸೀಸದ ಎಷ್ಟೋ ಕಾಲದ ಮೇಲೆ. ಅದರ ವೇಗ ಸೀಸಕ್ಕಿಂತ ಹೆಚ್ಚು, ಆದರೆ ಮೇಲಿನಿಂದ ಒಣಗಿಸುತ್ತದೆ. ಕಾಯಿಸಿದ ಹಾಲಿನ ಕೆನೆ ನೆನಪಿಸಿಕೊಳ್ಳಿ. ಮೇಲೆ ಗಟ್ಟಿ ಚರ್ಮ, ಕೆಳಗೆ ಹಸಿ. ಆ ಚರ್ಮ ಆಮ್ಲಜನಕ ಹೀರಿ ಹಿಗ್ಗುತ್ತದೆ, ಹೋಗಲು ಜಾಗವಿಲ್ಲದೆ ಮಡಿಸಿಕೊಳ್ಳುತ್ತದೆ. ಅಜ್ಜಿಯ ಕೆನ್ನೆಯ ಗುಟ್ಟು ಅದೇ. ತೆಳು ಪದರಕ್ಕೆ, ಒಂದೆರಡು ಹನಿ ಮಾತ್ರ, ಅದೂ ಬಣ್ಣದಲ್ಲಿ ಚೆನ್ನಾಗಿ ಬೆರೆಸಿ ಹಾಕಬೇಕಿತ್ತು. ಕೋಬಾಲ್ಟ್ ಕೂಡ ಸಾಧುವಲ್ಲ, ಚರ್ಮಕ್ಕೆ ಅಲರ್ಜಿ ತರುತ್ತದೆ. ಕೈಯಲ್ಲಿ ಊಟ ಮಾಡುವವರು ನಾವು, ಗ್ಲೌಸ್ ಹಾಕಿಕೊಳ್ಳುವುದು ಒಳ್ಳೆಯದು. ಒಣಗಿದ ಬಣ್ಣವನ್ನು ಮರಳು ಕಾಗದದಲ್ಲಿ ಉಜ್ಜಿ ಧೂಳೆಬ್ಬಿಸಬೇಡಿ.

ಈಗ ಆಲ್ಕಿಡ್ ಮೀಡಿಯಮ್‌ಗಳು ಸಿಗುತ್ತವೆ. ಆಲ್ಕಿಡ್ ರಾಳವನ್ನು 1920ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕಿಯೆನ್ಲ್ ಬೆಳೆಸಿದ. ಬೆರೆಸಿದರೆ ತೆಳು ಪದರ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಒಣಗುತ್ತದೆ. ಅದರಲ್ಲಿ ಡ್ರೈಯರ್ ಮೊದಲೇ ಸೇರಿರುತ್ತದೆ, ಮೇಲಿಂದ ಮತ್ತೆ ಕೋಬಾಲ್ಟ್ ಹಾಕಬಾರದು. ಥಿನ್ನರ್ ವಾಸನೆಯೂ ಇರುತ್ತದೆ, ಕಿಟಕಿ ತೆರೆದಿಡಿ.

ನನ್ನನ್ನು ನಿಜವಾಗಿ ಹೆದರಿಸಿದ್ದು ಮಾತ್ರ ಬಣ್ಣ ಅಲ್ಲ, ಕುಂಚ ಒರೆಸಿದ ಬಟ್ಟೆ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಡ್ರೈಯರ್ ಇದ್ದರೆ ಇನ್ನೂ ಬೇಗ. ಬಟ್ಟೆಯನ್ನು ಮುದುರಿ ಎಸೆದರೆ ಆ ಶಾಖ ಒಳಗೇ ಉಳಿದು, ಕಡ್ಡಿ ಗೀರದೆ ಬೆಂಕಿ ಹತ್ತಬಹುದು. 1991ರ ಫೆಬ್ರವರಿ 23ರಂದು ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಅನ್ನುವ 38 ಮಹಡಿ ಕಟ್ಟಡದ 22ನೇ ಮಹಡಿಯಲ್ಲಿ ಹೀಗೇ ಆಯಿತು. ಮರಗೆಲಸಕ್ಕೆ ಬಳಸಿದ ಅಗಸೆ ಎಣ್ಣೆಯ ಬಟ್ಟೆಗಳನ್ನು ಬಿಟ್ಟುಹೋಗಿದ್ದರು. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಕಟ್ಟಡವನ್ನು ಮತ್ತೆ ಬಳಸಲಾಗದೆ ಕೊನೆಗೆ 1999ರಲ್ಲಿ ಕೆಡವಿದರು. ಅದನ್ನು ಓದಿದ ದಿನ ನಮ್ಮ ಮನೆಯ ಕಸದ ಡಬ್ಬಿಯಿಂದ ನನ್ನ ಬಟ್ಟೆಗಳನ್ನೆಲ್ಲ ಹೆಕ್ಕಿ ತೆಗೆದೆ.

ಅಜ್ಜಿಯ ಚಿತ್ರ ಮತ್ತೆ ಶುರು ಮಾಡಿದ್ದೇನೆ. ಈ ಸಲ ಡ್ರೈಯರ್ ಇಲ್ಲ. ಕೆಳಪದರಕ್ಕೆ ಅಂಬರ್ ಅನ್ನುವ ಕಂದು ಮಣ್ಣಿನ ಬಣ್ಣ ತೆಳ್ಳಗೆ ಹಚ್ಚಿದೆ, ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ ತಾನಾಗೇ ಬೇಗ ಒಣಗುತ್ತದೆ. ಒರೆಸಿದ ಬಟ್ಟೆಗಳು ಬಚ್ಚಲಲ್ಲಿ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿವೆ. ಅದನ್ನು ಇಲ್ಲಿಂದ ಯಾವಾಗ ತೆಗೀತೀಯೋ ಅಂತ ಅಮ್ಮ ದಿನಾ ಕೇಳುತ್ತಾಳೆ.