ಕ್ಲೌಡ್ ಸೇವೆ: ಸಣ್ಣ ಉದ್ಯಮಕ್ಕೆ ಯಾವುದು ಹಿತ?

ಚಿತ್ತವಾಡ್ಗಿಯ ಲಾರಿ ಸಾಗಣೆದಾರರಾಗಲಿ, ಹಂಪಿಯ ಪ್ರವಾಸಿಗರನ್ನು ನೆಚ್ಚಿದ ಹೊಸಪೇಟೆಯ ವಸತಿಗೃಹದವರಾಗಲಿ, ಲೆಕ್ಕಪತ್ರವನ್ನು ಕ್ಲೌಡ್‌ಗೆ ಒಪ್ಪಿಸುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ, ಮಾಹಿತಿ ಯಾವ ಊರಿನಲ್ಲಿರುತ್ತದೆ ಎಂಬುದು. ಅಮೆಜಾನ್ 2016ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ತೆರೆಯಿತು. ಮೈಕ್ರೋಸಾಫ್ಟ್ 2015ರಲ್ಲೇ ಪುಣೆ, ಚೆನ್ನೈ, ಮುಂಬಯಿಗಳನ್ನು ಆರಿಸಿಕೊಂಡಿತ್ತು. ಗೂಗಲ್ 2017ರಲ್ಲಿ ಮುಂಬಯಿಗೆ, 2021ರಲ್ಲಿ ದೆಹಲಿಗೆ ಬಂದಿತು. ಡಿಜಿಟಲ್ ಓಷನ್ ಮಾತ್ರ 2016ರಲ್ಲಿ ಬೆಂಗಳೂರಿಗೇ ಬಂದಿತು. ದೂರದ ಬಗ್ಗೆ ಅತಿಯಾದ ಚಿಂತೆ ಬೇಕಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸಾವಿರ ಕಿ.ಮೀ. ಸಾಗಲು ಸುಮಾರು 5 ಮಿಲಿಸೆಕೆಂಡ್ ಸಾಕು.

ಜೇಬಿಗೆ ಕತ್ತರಿ ಬೀಳುವುದು ಬೇರೆಡೆ. ಮಾಹಿತಿಯನ್ನು ಒಳಗೆ ತುಂಬಲು ಸಾಮಾನ್ಯವಾಗಿ ಶುಲ್ಕವಿಲ್ಲ, ಹೊರತೆಗೆಯಲು ಉಂಟು. ಅಮೆಜಾನ್‌ನಲ್ಲಿ ತಿಂಗಳಿಗೆ 100 ಜಿಬಿ ಉಚಿತ, ಆಮೇಲೆ ಪ್ರತಿ ಜಿಬಿಗೂ ದರ. ಡಿಜಿಟಲ್ ಓಷನ್‌ನ ಅತಿ ಸಣ್ಣ ಸರ್ವರ್‌ನ ಬಾಡಿಗೆಯಲ್ಲೇ 500 ಜಿಬಿ ಸೇರಿದೆ. ಆದರೆ ಭಾರತದಲ್ಲಿ ಅದಕ್ಕೆ ಎರಡನೇ ಊರಿಲ್ಲ. ಇದು ಸಣ್ಣ ಮಾತಲ್ಲ: ಕಂಪೆನಿಯಾಗಿ ನೋಂದಾಯಿಸಿದವರ ಲೆಕ್ಕಪುಸ್ತಕದ ನಕಲು, 2022ರ ತಿದ್ದುಪಡಿಯಂತೆ, ಪ್ರತಿದಿನವೂ ಭಾರತದೊಳಗಿನ ಸರ್ವರ್‌ನಲ್ಲೇ ಉಳಿಯಬೇಕು. ಅಲ್ಲಿ ಅಗ್ಗಕ್ಕೆ ಒಲಿದವರು ನಿತ್ಯದ ನಕಲನ್ನು ದೇಶದಲ್ಲೇ ಇರುವ ಮತ್ತೊಬ್ಬ ಸೇವಾದಾರರಲ್ಲಿಯೂ ಇರಿಸಿ, ಆ ವೆಚ್ಚವನ್ನೂ ಕೂಡಿಸಿ ದರ ಹೋಲಿಸುವುದು ಲೇಸು.