ಪುಣೆಯ ಒಂದು ಮನೆಯೂ ಭ್ರೂಣಹತ್ಯಾವಿಚಾರವೂ

ಶಾಸ್ತ್ರಗ್ರಂಥಗಳಲ್ಲಿ ಬರತಕ್ಕ ಕೆಲವು ಶಬ್ದಗಳು ಉಚ್ಚಾರಮಾತ್ರದಿಂದಲೇ ಕೇಳುವವರ ಬಾಯನ್ನು ಕಟ್ಟಿಬಿಡುತ್ತವೆ. ಭ್ರೂಣಹತ್ಯೆ ಎಂಬುದು ಅಂಥದೊಂದು ಶಬ್ದ. ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ನಾನು ಯಾಜ್ಞವಲ್ಕ್ಯಸ್ಮೃತಿಯ ಪ್ರಾಯಶ್ಚಿತ್ತಾಧ್ಯಾಯವನ್ನು ಸಂಜೆಯ ಹೊತ್ತು ಮನೆಯ ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆನು. ನಮ್ಮ ತಂದೆಯವರ ಸೋದರತ್ತೆ ಆಗ ಮನೆಯಲ್ಲಿದ್ದರು; ಎಳೆಯ ವಯಸ್ಸಿನಲ್ಲಿಯೇ ವೈಧವ್ಯ ಪ್ರಾಪ್ತವಾಗಿ, ಕೆಂಪು ಸೀರೆಯಲ್ಲಿಯೇ ಮುದುಕಿಯಾದವರು. ಒಂದು ದಿನ ಒಳಗಿನಿಂದ ಬಂದು ಶ್ಲೋಕದ ಅರ್ಥವನ್ನು ಕೇಳಿದರು. ಗರ್ಭವನ್ನು ಬೀಳಿಸಿದ ಹೆಂಗಸಿಗೆ ಪಾತಿತ್ಯವೆಂದು ಹೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೆ ಇಷ್ಟು ಬರೆದಿದ್ದಾರಲ್ಲ, ಅವನಿಗೆಷ್ಟು ಬರೆದಿದ್ದಾರೋ ನೋಡಿ ಹೇಳು, ಮಗು" ಎಂದರು.

ನೋಡಿ ಹೇಳುವುದಕ್ಕೆ ಆಗ ನನಗೆ ವಿದ್ಯೆಯೂ ಸಾಲದು, ಧೈರ್ಯವೂ ಸಾಲದು. ಅವರು ತೀರಿಹೋಗಿ ಬಹುಕಾಲವಾಯಿತು. ಆ ಪ್ರಶ್ನೆಯನ್ನು ಹಿಡಿದು ಹುಡುಕಿದಾಗ ದೊರೆತ ಕೆಲವು ಸಂಗತಿಗಳನ್ನು ವಾಚಕರ ಮುಂದೆ ಇಡುತ್ತೇನೆ.

ಮೊದಲು ಶಬ್ದದ ವಿಚಾರ. ಭ್ರೂಣವೆಂದರೆ ಗರ್ಭದಲ್ಲಿರುವ ಶಿಶುವೆಂದೇ ನಾವೆಲ್ಲರೂ ತಿಳಿದಿದ್ದೇವೆ. ಆದರೆ ಧರ್ಮಸೂತ್ರಕಾರರ ಬಾಯಿಯಲ್ಲಿ ಅದರ ವ್ಯಾಪ್ತಿ ಬೇರೆ. ಬ್ರಾಹ್ಮಣನನ್ನು ಕೊಂದವನೂ, ಗಂಡೋ ಹೆಣ್ಣೋ ತಿಳಿಯದ ಗರ್ಭವನ್ನು ಕೊಂದವನೂ ಇಬ್ಬರೂ ಭ್ರೂಣಘ್ನರೇ ಎಂದು ವಸಿಷ್ಠಧರ್ಮಸೂತ್ರದ ವಚನ. ಮನುವೂ ಅವಿಜ್ಞಾತ ಗರ್ಭವನ್ನು ಕೊಂದವನಿಗೆ ಬ್ರಹ್ಮಹತ್ಯೆಯ ವ್ರತವನ್ನೇ ವಿಧಿಸಿದ್ದಾನೆ. "ಅವಿಜ್ಞಾತ" ಎಂಬ ವಿಶೇಷಣವನ್ನು ವಾಚಕರು ಗಮನಿಸಬೇಕು. ತಿಳಿಯದೆ ಇರುವ ಗರ್ಭವು ಗಂಡಾಗಿದ್ದೀತೆಂಬ ಶಂಕೆಯೇ ಪಾಪಕ್ಕೆ ಆ ಭಾರವನ್ನು ತಂದಿತು. ಹೆಣ್ಣನ್ನು ಕೊಂದ ಪಾಪವಾದರೋ ಅದೇ ಮನುವಿನ ಎಣಿಕೆಯಲ್ಲಿ ಉಪಪಾತಕಗಳ ಸಾಲಿನಲ್ಲಿ ಕುಳಿತಿದೆ. ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ವ್ಯಾಖ್ಯಾನಕ್ಕೆ ಎತ್ತಿಕೊಂಡ ಯಾಜ್ಞವಲ್ಕ್ಯನೂ ಗರ್ಭಘ್ನನಿಗೆ ವರ್ಣಕ್ಕೆ ತಕ್ಕಂತೆ ಪ್ರಾಯಶ್ಚಿತ್ತವನ್ನು ಅಳೆದುಕೊಟ್ಟಿದ್ದಾನೆ. ಗರ್ಭವು ಗರ್ಭವಾದ ಮಾತ್ರಕ್ಕೆ ಎಲ್ಲವೂ ಒಂದೇ ತೂಕವೆಂಬ ಮಾತನ್ನು ಶಾಸ್ತ್ರದ ಹೆಸರಿನಲ್ಲಿ ಹೇಳುವವರು ಈ ಭಾಗವನ್ನು ತೆರೆದು ನೋಡಿಲ್ಲವೆಂದೇ ನನಗೆ ತೋರುತ್ತದೆ.

ಇನ್ನು ಅತ್ತೆಯವರು ಕೇಳಿದ್ದಕ್ಕೆ ಉತ್ತರ. ಹೆಂಗಸಿನ ಪಾತಿತ್ಯಕ್ಕೆ ವಿಶೇಷ ಕಾರಣಗಳೆಂದು ಯಾಜ್ಞವಲ್ಕ್ಯನು ಎಣಿಸಿದವುಗಳಲ್ಲಿ ಗರ್ಭಪಾತನವೂ ಒಂದು. ಗರ್ಭಕ್ಕೆ ದ್ರೋಹ ಮಾಡಿದವಳು ಸತ್ತರೆ ತರ್ಪಣದ ನೀರು ಕೂಡ ಇಲ್ಲವೆಂದು ಮನುವಿನ ಮತ. ಆ ಗರ್ಭಕ್ಕೆ ಕಾರಣನಾಗಿ ಮರೆಯಾದ ಗಂಡಸಿನದು ಪಾರದಾರ್ಯ, ಅದು ಉಪಪಾತಕ, ಚಾಂದ್ರಾಯಣಾದಿ ವ್ರತಗಳಿಂದ ಕಳೆಯತಕ್ಕದ್ದು. ಅವಳನ್ನು ಮನೆಯಿಂದ ಹೊರಗೆ ಹಾಕುವ ಪಾಪ, ಅವನನ್ನು ಕೆಲವು ದಿನ ಅರೆಹೊಟ್ಟೆಯಲ್ಲಿ ಇಡುವ ಪಾಪ! ಇಷ್ಟು ದೂರದ ಅಂತರವನ್ನು ಕಂಡಾಗ, ಅಂದು ನಾನು ಹುಡುಕಿ ಹೇಳದೆ ಹೋದದ್ದೇ ಲೇಸಾಯಿತೆನ್ನಿಸಿತು.

ಆದರೂ ಪೂರ್ವಿಕರಿಗೆ ಅನ್ಯಾಯ ಮಾಡಬಾರದು. ಗರ್ಭದ ವಿಷಯದಲ್ಲಿ ಅವರ ಜ್ಞಾನವು ಕೇವಲ ದಂಡಶಾಸ್ತ್ರದ ಜ್ಞಾನವಾಗಿರಲಿಲ್ಲ. ನಾಲ್ಕನೆಯ ತಿಂಗಳಿನವರೆಗೆ ಇಳಿದುಹೋದರೆ ಸ್ರಾವವೆಂದೂ, ಐದು ಆರನೆಯ ತಿಂಗಳಲ್ಲಾದರೆ ಪಾತವೆಂದೂ ಪರಾಶರನು ಭೇದವನ್ನು ಮಾಡಿದ್ದಾನೆ. ಆಶೌಚದ ದಿನಗಳೂ ಅದಕ್ಕೆ ತಕ್ಕಂತೆಯೇ. ಸುಶ್ರುತನು ನಾಲ್ಕನೆಯ ತಿಂಗಳಲ್ಲಿ ಶಿಶುವಿನ ಹೃದಯ ವ್ಯಕ್ತವಾಗಿ ಚೇತನವು ತೋರುವುದೆಂದೂ, ಆಗಿನಿಂದ ತಾಯಿಯು ಎರಡು ಹೃದಯವುಳ್ಳವಳಾಗುವುದರಿಂದ ದೌಹೃದಿನಿ ಎನಿಸುವಳೆಂದೂ ಹೇಳುತ್ತಾನೆ. ಬಸುರಿಯ ಬಯಕೆಯನ್ನು ತೀರಿಸುವ ನಮ್ಮ ಮನೆಗಳ ಪದ್ಧತಿಯ ಮೂಲವೂ ಇಲ್ಲಿಯೇ ಇದೆ. ಅದೇ ಸುಶ್ರುತನು ಮೂಢಗರ್ಭಚಿಕಿತ್ಸೆಯಲ್ಲಿ, ಒಳಗೆ ಸತ್ತ ಶಿಶುವನ್ನು ಶಸ್ತ್ರದಿಂದಲಾದರೂ ತೆಗೆದು ತಾಯಿಯನ್ನು ಉಳಿಸಬೇಕೆಂದೂ, ಜೀವವಿರುವ ಶಿಶುವಿಗೆ ಮಾತ್ರ ಶಸ್ತ್ರವನ್ನು ತಾಗಿಸಲೇಬಾರದೆಂದೂ ವಿಧಿಸಿದನು; ತಾಗಿಸಿದರೆ ಇಬ್ಬರೂ ಸಾಯುವರೆಂಬುದು ಅವನು ಕೊಡುವ ಕಾರಣ. ಒಂದೇ ಒಡಲಿನಲ್ಲಿ ಎರಡು ಹೃದಯಗಳೆಂಬ ಮಾತಿಗಿಂತ ಈ ವಿಷಯದ ಕಷ್ಟವನ್ನು ಹೆಚ್ಚು ಸರಿಯಾಗಿ ಹೇಳಿದ ಮಾತನ್ನು ನಾನು ಎಲ್ಲಿಯೂ ಓದಿಲ್ಲ.

ಮಧ್ಯದ ಶತಮಾನಗಳನ್ನು ದಾಟಿ ಕಳೆದ ಶತಮಾನದ ಹಿಂದಿನ ಶತಮಾನಕ್ಕೆ ಬರೋಣ. ೧೮೫೫ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ವಿಧವಾವಿವಾಹವನ್ನು ಕುರಿತು ಬರೆದ ಪ್ರಬಂಧಗಳಲ್ಲಿ ಪರಾಶರವಚನವನ್ನು ಆಧಾರವಾಗಿ ಹಿಡಿದರು. ಬಾಲವಿಧವೆಯರನ್ನು ಕಟ್ಟಿಹಾಕಿದ ಸಮಾಜದಲ್ಲಿ ಭ್ರೂಣಹತ್ಯೆಯು ಪ್ರವಾಹವಾಗಿ ಹರಿಯುತ್ತಿದೆಯೆಂದು ಪಂಡಿತರ ಕಿವಿಯಲ್ಲಿ ಬೀಳುವಂತೆ ಹೇಳಿದರು. ೧೮೫೬ರಲ್ಲಿ ಪುನರ್ವಿವಾಹವನ್ನು ಮಾನ್ಯಮಾಡುವ ಕಾನೂನಾಯಿತು. ಕಾನೂನಾಯಿತೇ ಹೊರತು ಮದುವೆಗಳು ಬೆರಳೆಣಿಕೆಯಷ್ಟೇ ಆದುವು. ಇತ್ತ ೧೮೬೦ರಲ್ಲಿ ರಚಿತವಾಗಿ ೧೮೬೨ರ ಜನವರಿ ೧ರಿಂದ ಜಾರಿಗೆ ಬಂದ ದಂಡಸಂಹಿತೆಯ ೩೧೨ನೆಯ ಕಲಮು, ತಾಯಿಯ ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಮಾಡಿದ್ದಲ್ಲದೆ ಬೇರೆ ಯಾವ ಗರ್ಭಪಾತಕ್ಕೂ ಮೂರು ವರ್ಷದವರೆಗೆ, ಶಿಶುವಿನ ಚಲನೆ ತೋರಿದ ಮೇಲಾದರೆ ಏಳು ವರ್ಷದವರೆಗೆ ಸೆರೆಯೆಂದಿತು. ತಾನೇ ಮಾಡಿಕೊಂಡ ಹೆಂಗಸೂ ಅಪರಾಧಿಯೇ. ಈ ಸಂಹಿತೆಯ ಮೊದಲ ಕರಡನ್ನು ೧೮೩೭ರಲ್ಲಿ ಸಿದ್ಧಮಾಡಿದ ಮೆಕಾಲೆ ಮೊದಲಾದವರಿಗೇ ಇದರ ವಿಷಯದಲ್ಲಿ ಅಳುಕಿತ್ತು. ಸಿದ್ಧವಾಗದ ಆರೋಪವೂ ಕುಟುಂಬದ ಮಾನವನ್ನು ಕೆಡಿಸುವುದರಿಂದ ದುಷ್ಟರು ಇದನ್ನು ಹಣ ಕೀಳುವ ಉಪಾಯವಾಗಿ ಮಾಡಿಕೊಂಡಾರೆಂದು ಅವರು ಟಿಪ್ಪಣಿಯಲ್ಲಿ ಬರೆದಿಟ್ಟಿದ್ದಾರೆ.

ಕಾನೂನು ಜಾರಿಗೆ ಬಂದ ಮರುವರ್ಷ, ೧೮೬೩ರಲ್ಲಿ, ಪುಣೆಯಲ್ಲಿ ಜ್ಯೋತಿರಾವ್ ಫುಲೆಯವರೂ ಅವರ ಪತ್ನಿ ಸಾವಿತ್ರೀಬಾಯಿಯವರೂ ತಮ್ಮ ಮನೆಯಲ್ಲಿಯೇ ಬಾಲಹತ್ಯಾಪ್ರತಿಬಂಧಕ ಗೃಹವನ್ನು ತೆರೆದರು. ಇದಕ್ಕೆ ಕಾರಣವಾದ ಸಂಗತಿಯನ್ನು ಫುಲೆಯವರು ೧೮೮೪ರ ಡಿಸೆಂಬರು ೪ರಂದು, ಮಲಬಾರಿಯವರ ಟಿಪ್ಪಣಿಯ ಮೇಲೆ ಬರೆದ ಅಭಿಪ್ರಾಯದಲ್ಲಿ ತಿಳಿಸಿದ್ದಾರೆ. ಅವರ ಸ್ನೇಹಿತರೊಬ್ಬರ ಮನೆಯಲ್ಲಿ ಕಾಶೀಬಾಯಿಯೆಂಬ ಬ್ರಾಹ್ಮಣವಿಧವೆ ಅಡಿಗೆಯ ಕೆಲಸಕ್ಕೆ ಇದ್ದಳು. ಬಡವಳು, ಓದುಬರಹ ಅರಿಯದವಳು, ನಡತೆಯಲ್ಲಿ ಒಳ್ಳೆಯವಳು. ನೆರೆಯ ಶಾಸ್ತ್ರಿಯೊಬ್ಬನು ಅವಳ ಬೆನ್ನುಹತ್ತಿದನು. ಮೊದಲು ಒಪ್ಪದವಳು ಕಡೆಗೆ ಸೋತಳು, ಗರ್ಭವನ್ನು ತಳೆದಳು. ಆಮೇಲೆ ಅವನ ಪ್ರೇರಣೆಯಿಂದಲೇ ನಾನಾ ವಿಷೌಷಧಗಳನ್ನು ಸೇವಿಸಿದಳು, ಒಂದೂ ಫಲಿಸಲಿಲ್ಲ. ತಿಂಗಳು ತುಂಬಿ ಗಂಡು ಮಗು ಹುಟ್ಟಿತು. ಮಾನಕ್ಕೆ ಅಂಜಿ ಆ ಮಗುವನ್ನು ಚೂರಿಯಿಂದ ಕೊಂದು ಮನೆಯ ಹಿಂದಿನ ಬಾವಿಗೆ ಹಾಕಿದಳು. ಎರಡು ದಿನಗಳಲ್ಲಿ ಪೋಲೀಸರು ಹಿಡಿದರು. ಸೆಷನ್ಸ್ ನ್ಯಾಯಾಲಯವು ಆಜೀವ ಕರಿನೀರಿನ ಶಿಕ್ಷೆಯನ್ನು ಕೊಟ್ಟಿತು. ಶಾಸ್ತ್ರಿಗೆ ಏನಾಯಿತು? ಪುಣೆಯವರಿಗೆಲ್ಲ ತಿಳಿದ ಮನುಷ್ಯನೆಂದಷ್ಟೇ ಫುಲೆಯವರು ಬರೆಯುತ್ತಾರೆ. ಅವನೂ ಪ್ರಾಯಶ್ಚಿತ್ತಾಧ್ಯಾಯವನ್ನು ಓದಿದವನೇ ಇರಬೇಕು.

ಫುಲೆಯವರು ಮಾಡಿದ್ದು ಇಷ್ಟೆ. ವಿಧವೆಯರು ಬಂದು ಗುಟ್ಟಾಗಿ ಹೆರಬಹುದು, ಮಗುವನ್ನು ಕರೆದುಕೊಂಡು ಹೋಗುವುದೂ ಬಿಟ್ಟುಹೋಗುವುದೂ ಅವರ ಇಚ್ಛೆ ಎಂಬ ಪ್ರಕಟನೆಯನ್ನು ಬ್ರಾಹ್ಮಣರ ಬೀದಿಗಳ ಗೋಡೆಗಳಿಗೆ ಹಚ್ಚಿಸಿದರು. ಹೆಸರನ್ನು ಕೇಳುವುದಿಲ್ಲ, ಗಂಡಸನ್ನು ಕೇಳುವುದಿಲ್ಲ. ಮಾಲಿಯವರ ಮನೆಯಲ್ಲಿ ಬ್ರಾಹ್ಮಣವಿಧವೆಯ ಬಾಣಂತನ! ಆ ಕಾಲದ ಪುಣೆಯನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಪತ್ರದಲ್ಲಿಯೇ ಒಂದು ಲೆಕ್ಕವಿದೆ. ಗೃಹವು ಆರಂಭವಾದಂದಿನಿಂದ ಆ ವರೆಗೆ ೩೫ ಮಂದಿ ಗರ್ಭಿಣಿ ವಿಧವೆಯರು ಬಂದು ಹೆತ್ತರು, ಹುಟ್ಟಿದ ಶಿಶುಗಳಲ್ಲಿ ಬದುಕಿದ್ದುವು ೫, ಸತ್ತುವು ೩೦. ಬಸಿರನ್ನು ಮುಚ್ಚಿಡುವುದಕ್ಕಾಗಿ ತಾಯಂದಿರು ತೆಗೆದುಕೊಂಡಿರಬೇಕಾದ ವಿಷೌಷಧಗಳು ಗರ್ಭದಲ್ಲಿಯೇ ಮಾಡಿದ ಹಾನಿಯಿಂದ ಅವು ಸತ್ತುವೆಂದು ಫುಲೆಯವರ ಊಹೆ. ವೈದ್ಯನ ಪರೀಕ್ಷೆಯ ಮಾತಲ್ಲ, ಮನೆಯವನು ಕಣ್ಣಾರೆ ಕಂಡು ಆಡಿದ ಮಾತು.

ಈ ಲೆಕ್ಕದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೇನೆ. ಇಂದು ಗರ್ಭಪಾತದ ಹಕ್ಕನ್ನು ಎತ್ತಿ ಹಿಡಿಯುವವರೂ, ಅದನ್ನು ಹತ್ಯೆಯೆಂದು ಜರಿಯುವವರೂ ಫುಲೆಯವರನ್ನು ತಮ್ಮ ಪಕ್ಷಕ್ಕೆ ಎಳೆದುಕೊಳ್ಳಬಹುದು. ಇಬ್ಬರಿಗೂ ಅವರು ಪೂರ್ಣವಾಗಿ ಒದಗುವುದಿಲ್ಲ. ಶಿಶುಹತ್ಯೆಯನ್ನು ಅವರು ಹಗುರಾಗಿ ಕಾಣಲಿಲ್ಲ. ಗೃಹಕ್ಕೆ ಇಟ್ಟ ಹೆಸರೇ ಸಾಕ್ಷಿ. ಸತ್ತ ಮೂವತ್ತು ಕೂಸುಗಳನ್ನು ಎಣಿಸಿ ಬರೆದವರು ಅವರೇ. ಆದರೆ ಎಣಿಸಿದ ಮೇಲೆ ಬೆರಳನ್ನು ತಾಯಿಯ ಕಡೆಗೆ ತೋರಲಿಲ್ಲ. ಬಾಗಿಲನ್ನು ತೆರೆದರು. ಆ ಬಾಗಿಲಿಗೆ ಬರುವುದರೊಳಗಾಗಿಯೇ ಹೆಂಗಸು ಔಷಧವನ್ನು ಕುಡಿದಾಗಿತ್ತು; ಏತಕ್ಕೆಂದರೆ ತನ್ನ ಮನೆಯ ಒಳಗೆ ಯಾರೊಡನೆಯೂ ಅವಳು ಬಾಯಿ ಬಿಡುವಂತಿರಲಿಲ್ಲ. ಆ ಮೂವತ್ತರ ಪಾಪವನ್ನು ಭಾಗಮಾಡಿ ಹಂಚುವುದಾದರೆ ಕುಡಿದವಳ ಪಾಲಿಗೆ ಎಷ್ಟು ಬಂದೀತು, ಶಾಸ್ತ್ರಿಯ ಪಾಲಿಗೆಷ್ಟು, ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸಿದ ಮಾವಂದಿರ ಪಾಲಿಗೆಷ್ಟು? ಗಣಿತವನ್ನು ಮೂವತ್ತು ವರ್ಷ ಕಲಿಸಿದ ನನಗೆ ಈ ಭಾಗಾಹಾರ ಬರುವುದಿಲ್ಲ.

೧೮೭೪ರಲ್ಲಿ ಅಂಥ ಒಬ್ಬ ವಿಧವೆಯ ಮಗನನ್ನು ಫುಲೆ ದಂಪತಿಗಳು ದತ್ತುವಾಗಿ ತೆಗೆದುಕೊಂಡು ಯಶವಂತನೆಂದು ಹೆಸರಿಟ್ಟರು. ಅವನು ವೈದ್ಯನಾದನು. ೧೮೯೭ರ ಪ್ಲೇಗಿನಲ್ಲಿ ಸಾವಿತ್ರೀಬಾಯಿಯವರು ರೋಗಿಗಳನ್ನು ಅವನ ಚಿಕಿತ್ಸೆಗೆ ತರುತ್ತ ತಾವೇ ರೋಗಕ್ಕೆ ಸಿಕ್ಕಿ ಮಾರ್ಚಿ ೧೦ರಂದು ತೀರಿಕೊಂಡರು.

ಪುಣೆಯ ಆ ಮನೆಯಿಂದ ದೇಶದ ಕಣ್ಣು ತೆರೆಯಿತೆಂದು ಹೇಳುವಂತಿಲ್ಲ. ೧೮೮೧ರಲ್ಲಿ ಸೂರತ್ತಿನ ಕಡೆಯ ವಿಜಯಲಕ್ಷ್ಮಿಯೆಂಬ ತರುಣವಿಧವೆಗೆ ಹೆತ್ತ ಮಗುವನ್ನು ಕೊಂದಳೆಂದು ಗಲ್ಲಿನ ಶಿಕ್ಷೆಯಾಯಿತು. ಅಪೀಲಿನಲ್ಲಿ ಅದು ಗಡೀಪಾರಿಗೆ ಇಳಿಯಿತು. ವೃತ್ತಪತ್ರಿಕೆಗಳು ಹೆಂಗಸರ ನಡತೆಯ ಮೇಲೆ ಉಪದೇಶದ ಮಳೆಯನ್ನೇ ಸುರಿಸಿದುವು. ಅದನ್ನು ಓದಿ ಸಹಿಸಲಾರದೆ ವರಾಡದ ಬುಲಢಾಣೆಯ ತಾರಾಬಾಯಿ ಶಿಂದೆಯವರು ೧೮೮೨ರಲ್ಲಿ "ಸ್ತ್ರೀಪುರುಷತುಲನಾ" ಎಂಬ ಸಣ್ಣ ಪುಸ್ತಕವನ್ನು ಮರಾಠಿಯಲ್ಲಿ ಅಚ್ಚುಹಾಕಿಸಿದರು. ನಮ್ಮ ಅತ್ತೆಯವರು ಒಂದು ಮಾತಿನಲ್ಲಿ ಕೇಳಿದ್ದನ್ನೇ ಆಕೆ ಪುಸ್ತಕವಿಡೀ ಕೇಳಿದ್ದಾರೆ.

ಸ್ವಾತಂತ್ರ್ಯಾನಂತರದ ಕಥೆ ಬಹುಮಂದಿಗೆ ತಿಳಿದದ್ದು. ೧೯೬೪ರಲ್ಲಿ ನೇಮಕವಾದ ಶಾಂತಿಲಾಲ್ ಶಾಹ ಸಮಿತಿಯು ೧೯೬೬ರಲ್ಲಿ ವರದಿಯನ್ನು ಒಪ್ಪಿಸಿತು. ೧೯೭೧ರಲ್ಲಿ ಕಾನೂನಾಗಿ ೧೯೭೨ರ ಏಪ್ರಿಲು ೧ರಿಂದ ಜಾರಿಗೆ ಬಂದಿತು. ಹನ್ನೆರಡು ವಾರದವರೆಗೆ ಒಬ್ಬ ವೈದ್ಯನ, ಇಪ್ಪತ್ತರವರೆಗೆ ಇಬ್ಬರ ಅಭಿಪ್ರಾಯ ಸಾಕೆಂದಾಯಿತು. ೨೦೨೧ರ ತಿದ್ದುಪಡಿಯು ಈ ಅವಧಿಗಳನ್ನು ಇಪ್ಪತ್ತಕ್ಕೂ, ಕೆಲವು ವರ್ಗದವರಿಗೆ ಇಪ್ಪತ್ತನಾಲ್ಕಕ್ಕೂ ಏರಿಸಿತು. ಅವಿವಾಹಿತೆಯರಿಗೂ ಈ ಆಶ್ರಯ ಸಲ್ಲತಕ್ಕದ್ದೆಂದು ಸುಪ್ರೀಂ ಕೋರ್ಟು ೨೦೨೨ರಲ್ಲಿ ತೀರ್ಪಿತ್ತಿತು. ಕಾಶೀಬಾಯಿಯು ಇಂದು ಇದ್ದಿದ್ದರೆ ಬಾವಿಯ ದಾರಿಯೊಂದೇ ಅವಳ ಮುಂದೆ ಇರುತ್ತಿರಲಿಲ್ಲ. ಇದು ಸಾಮಾನ್ಯವಾದ ಲಾಭವಲ್ಲ.

ನಷ್ಟವೂ ಉಂಟು. ವಸಿಷ್ಠನ ಕಾಲಕ್ಕೆ "ಅವಿಜ್ಞಾತ"ವಾಗಿದ್ದುದನ್ನು ಯಂತ್ರವು ವಿಜ್ಞಾತವಾಗಿಸಿತು. ಹೆಣ್ಣೆಂದು ತಿಳಿದೊಡನೆ ತೆಗೆಸುವ ಮನೆಗಳು ಹೆಚ್ಚಿ, ೧೯೯೪ರಲ್ಲಿ ಲಿಂಗಪತ್ತೆಯನ್ನೇ ನಿಷೇಧಿಸಬೇಕಾಯಿತು. ಗಂಡಾಗಿದ್ದೀತೆಂದು ಹೆದರಿದ ಸೂತ್ರಕಾರನೂ, ಹೆಣ್ಣಾದೀತೆಂದು ಹೆದರುವ ಇಂದಿನ ಗೃಹಸ್ಥನೂ ಒಂದೇ ತಕ್ಕಡಿಯನ್ನು ಹಿಡಿದಿದ್ದಾರೆ. ಅಲ್ಲಿ ತಾಯಿಯ ಇಚ್ಛೆಯೆಂದು ಕಾಗದದ ಮೇಲೆ ಬರೆದದ್ದು ಎಷ್ಟೋ ಸಲ ಅತ್ತೆಮಾವಂದಿರ ಇಚ್ಛೆಯೇ ಆಗಿರುತ್ತದೆ. ಹಕ್ಕನ್ನು ಕೊಟ್ಟೆವೆಂದು ಹೇಳುವವರು ಇದಕ್ಕೂ ಉತ್ತರ ಹೇಳಬೇಕು.

ಹಳೆಯ ದಂಡಸಂಹಿತೆ ಹೋಗಿ ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯಸಂಹಿತೆ ಬಂದ ಮೇಲೆ ಅದನ್ನೂ ತರಿಸಿ ಓದಿದೆನು. ೩೧೨ನೆಯ ಕಲಮು ೮೮ನೆಯದಾಗಿದೆ. ಔಷಧವನ್ನು ಕೊಟ್ಟವನು ಅದರಲ್ಲಿದ್ದಾನೆ. ಕುಡಿದವಳು ಮೊದಲಿನಂತೆಯೇ ಇದ್ದಾಳೆ. ಮದುವೆಯಾಗುವೆನೆಂದು ಸುಳ್ಳು ವಚನವನ್ನು ಕೊಟ್ಟವನಿಗೆ ೬೯ನೆಯ ಕಲಮನ್ನು ಹೊಸದಾಗಿ ಸೇರಿಸಿದ್ದಾರೆ. ಯಾವ ವಚನವನ್ನೂ ಕೊಡದೆ ಎದ್ದುಹೋದ ನೆರೆಮನೆಯ ಶಾಸ್ತ್ರಿಯನ್ನು ಎರಡರಲ್ಲಿಯೂ ಹುಡುಕಿದೆನು, ಸಿಕ್ಕಲಿಲ್ಲ.