ಮರಳಿನ ಮೇಲಣ ಅಕ್ಷರ: ಜಗಲಿ ಶಾಲೆಯ ವಾತಾವರಣ

ಇಂದು ಚೆನ್ನೈ ಎನಿಸಿರುವ ಮದರಾಸಿನ ಉತ್ತರ ಭಾಗದಲ್ಲಿರುವ ಮಣಲಿಯು ತೈಲ ಶುದ್ಧೀಕರಣದ ಕಾರ್ಖಾನೆಯಿಂದ ಹೆಸರಾಗಿದೆ. ಹದಿನೆಂಟನೆಯ ಶತಮಾನದ ಕಡೆಯ ಭಾಗದಲ್ಲಿ ಅದಕ್ಕೆ ಬೇರೊಂದು ಬಗೆಯ ಹೆಸರಿದ್ದಿತು. ಅಲ್ಲಿಯ ಮುದಲಿಯಾರ್ ಮನೆತನದವರು ತಿರುವಾರೂರಿನ ರಾಮಸ್ವಾಮಿ ದೀಕ್ಷಿತರನ್ನು ಸಂಸಾರಸಹಿತವಾಗಿ ಕರೆಸಿಕೊಂಡು ಆಶ್ರಯವಿತ್ತರು. ದೀಕ್ಷಿತರ ಮಕ್ಕಳು ಮನೆಯಲ್ಲಿ ತಂದೆಯಿಂದ ಕಲಿತದ್ದು, ಕನ್ನಡಿಗನಾದ ಗೋವಿಂದ ದೀಕ್ಷಿತನ ಮಗ ವೆಂಕಟಮಖಿಯಿಂದ ಇಳಿದು ಬಂದ ಸಂಗೀತ ಸಂಪ್ರದಾಯವನ್ನು. ಆಶ್ರಯದಾತರೊಡನೆ ಸೇಂಟ್ ಜಾರ್ಜ್ ಕೋಟೆಗೆ ಹೋದಾಗ ಕೇಳಿದ್ದು ಐರೋಪ್ಯರ ವಾದ್ಯಮೇಳವನ್ನು. ಕಿರಿಯ ಮಗ ಬಾಲುಸ್ವಾಮಿಯು ಪಿಟೀಲನ್ನು ಕಲಿತನು. ಹಿರಿಯನಾದ ಮುತ್ತುಸ್ವಾಮಿಯು ಆ ವಿದೇಶೀಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ರಚಿಸಿದನು. ತಂದೆಯ ಪಾಠವೊಂದರಿಂದಲೇ ಇದು ಆಗುವಂತಿರಲಿಲ್ಲ. ಪಾಠ ನಡೆದ ಎಡೆಯೂ ಅದರಲ್ಲಿ ಪಾಲುಗೊಂಡಿತು. ಕಲಿಯುವ ಎಡೆಯು ಕಲಿಕೆಯನ್ನು ಎಷ್ಟರ ಮಟ್ಟಿಗೆ ರೂಪಿಸುತ್ತದೆಂಬ ಪ್ರಶ್ನೆಗೆ ಅದೇ ಕಾಲದಲ್ಲಿ, ಮಣಲಿಗೆ ಕೆಲವೇ ಮೈಲಿಗಳ ಅಂತರದಲ್ಲಿ, ಇನ್ನೊಂದು ನಿದರ್ಶನವು ಒದಗಿತು. ಅದರ ಬೇರು ಕನ್ನಡ ನಾಡಿನವರೆಗೂ ಹಬ್ಬಿರುವುದರಿಂದ ಅದನ್ನು ವಿವರವಾಗಿ ಪರಿಶೀಲಿಸುವುದು ಯುಕ್ತವಾಗಿದೆ.

ಎಗ್ಮೋರ್ ಎಂದು ಹೆಸರಾದ ಎಳುಂಬೂರಿನಲ್ಲಿ ಸೈನಿಕರ ಅನಾಥ ಬಾಲಕರಿಗಾಗಿ ಒಂದು ಶಾಲೆಯನ್ನು ತೆರೆಯಲಾಗಿ, 1789ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರೂ ಬೆಲ್ ಅದರ ಮೇಲ್ವಿಚಾರಕನಾದನು. ಅಕ್ಷರ ಕಲಿಯುವ ತರಗತಿಯು ಮುಂದುವರಿಯದೆ ಅವನು ಕಂಗೆಟ್ಟಿದ್ದ ಕಾಲದಲ್ಲಿ, ಒಂದು ಬೆಳಗ್ಗೆ, ದೇಶೀಯ ಶಾಲೆಯೊಂದರ ಮಕ್ಕಳು ನೆಲದಲ್ಲಿ ಕುಳಿತು ಹರಡಿದ ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತು. ತನ್ನ ಶಾಲೆಯಲ್ಲಿಯೂ ಹಾಗೆಯೇ ಮಾಡಬೇಕೆಂದು ಅವನು ಆಜ್ಞಾಪಿಸಿದನು. ಕೆಳತರಗತಿಯ ಉಪಾಧ್ಯಾಯನು ಮನಸ್ಸಿಟ್ಟು ಮಾಡಲಿಲ್ಲ. ಆಗ ಬೆಲ್ಲನು ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಬಾಲಕನಿಗೆ ಆ ತರಗತಿಯನ್ನು ಒಪ್ಪಿಸಿದನು. ಉಪಾಧ್ಯಾಯನಿಂದ ಆಗದುದು ಹುಡುಗನಿಂದ ಆಯಿತು. 1796ರಲ್ಲಿ ಸ್ವದೇಶಕ್ಕೆ ಮರಳಿದ ಬೆಲ್ಲನು ಮರುವರ್ಷ ಈ ಪ್ರಯೋಗದ ವೃತ್ತಾಂತವನ್ನು ಪ್ರಕಟಿಸಿದನು. ವಿದ್ಯಾರ್ಥಿಯೇ ವಿದ್ಯಾರ್ಥಿಗೆ ಕಲಿಸುವ ಈ ಪದ್ಧತಿಗೆ ‘ಮದರಾಸು ಪದ್ಧತಿ’ಯೆಂದೇ ಹೆಸರು ನಿಂತಿತು.

ಆದರೆ ಬೆಲ್ಲನು ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಇಟಲಿಯ ಪ್ರವಾಸಿಯೊಬ್ಬನು ಇದನ್ನು ಕನ್ನಡ ನಾಡಿನಲ್ಲಿ ಕಂಡಿದ್ದನು. 1623ರಲ್ಲಿ ಪೋರ್ಚುಗೀಸರ ರಾಯಭಾರಿಯೊಡನೆ ಇಕ್ಕೇರಿಯ ವೆಂಕಟಪ್ಪ ನಾಯಕನ ರಾಜ್ಯಕ್ಕೆ ಬಂದ ಪಿಯೆತ್ರೊ ದೆಲ್ಲ ವಾಲ್ಲೆಯು ಒಂದು ದೇವಾಲಯದ ಮುಖಮಂಟಪದಲ್ಲಿ ನಾಲ್ವರು ಬಾಲಕರು ಲೆಕ್ಕವನ್ನು ಅಭ್ಯಾಸ ಮಾಡುತ್ತಿದ್ದುದನ್ನು ನೋಡಿದನು. ಒಬ್ಬನು ಪಾಠದ ಒಂದು ಭಾಗವನ್ನು ರಾಗವಾಗಿ ಹೇಳುತ್ತ ನೆಲದ ನುಣುಪಾದ ಮರಳಿನ ಮೇಲೆ ಬೆರಳಿನಿಂದ ಬರೆಯುವನು. ಮಿಕ್ಕವರು ಅದನ್ನೇ ಹಾಡಿ ಬರೆಯುವರು. ನೆಲ ತುಂಬಿದೊಡನೆ ಕೈಯಿಂದ ಅಳಿಸಿ, ಬೇಕಾದರೆ ಹೊಸ ಮರಳನ್ನು ಹರಡುವರು. ಉಪಾಧ್ಯಾಯರು ಇಲ್ಲದಿರುವಾಗ ತಪ್ಪಾದರೆ ತಿದ್ದುವವರು ಯಾರೆಂದು ಪ್ರವಾಸಿಯು ಕೇಳಿದನು. ನಾಲ್ವರೂ ಒಂದೇ ಎಡೆಯಲ್ಲಿ ತಪ್ಪುವುದು ಅಸಂಭವವೆಂದೂ ಒಬ್ಬನು ತಪ್ಪಿದರೆ ಉಳಿದವರು ತಿದ್ದುವರೆಂದೂ ಮಕ್ಕಳು ಉತ್ತರವಿತ್ತರು. ಆ ಉತ್ತರವು ಅವನಿಗೆ ಒಪ್ಪಿಗೆಯಾಯಿತು.

ಈ ಶಾಲೆಗಳ ಒಳಗಿನ ಚಿತ್ರವು ಇನ್ನೂ ಸ್ಪಷ್ಟವಾಗಿ ದೊರೆಯುವುದು ಬಳ್ಳಾರಿಯಿಂದ. ಮದರಾಸಿನ ಗವರ್ನರನಾದ ಸರ್ ಥಾಮಸ್ ಮನ್ರೋ 1822ರಲ್ಲಿ ಪ್ರತಿಯೊಂದು ಜಿಲ್ಲೆಯ ಶಾಲೆಗಳ ಲೆಕ್ಕವನ್ನೂ ಕೇಳಿದನು. ಕೆನರಾದ ಕಲೆಕ್ಟರನು, ತನ್ನ ಸೀಮೆಯಲ್ಲಿ ವಿದ್ಯಾಭ್ಯಾಸವು ಮನೆಮನೆಗಳಲ್ಲಿ ನಡೆಯುವುದೆಂದು ತಿಳಿಸಿ ಅಂಕಿಗಳನ್ನು ಕಳುಹಿಸದೆ ಉಳಿದನು. ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ವರದಿಯಾದರೋ ಬಹು ವಿವರವಾದುದು. ಆ ಜಿಲ್ಲೆಯಲ್ಲಿದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಒಟ್ಟು ವಿದ್ಯಾರ್ಥಿಗಳು 6,641. ಸರಾಸರಿ ತೆಗೆದರೆ ಶಾಲೆಯೊಂದಕ್ಕೆ ಹನ್ನೆರಡು ಹದಿಮೂರು ಮಕ್ಕಳು ಮಾತ್ರ. ಇವರಲ್ಲಿ ಬ್ರಾಹ್ಮಣ ಬಾಲಕರು 1,185, ಶೂದ್ರ ಬಾಲಕರು 2,998. ಬಾಲಕಿಯರು ಕೇವಲ 60.

ಮಗುವು ಮೊದಲು ಮರಳಿನಲ್ಲಿ ಬರೆದು ಅಕ್ಷರವನ್ನು ಕಲಿಯುವುದು; ಬಾಯಿಪಾಠ ಮಾಡಿ ಆಮೇಲೆ ಬರೆಯುವುದಲ್ಲ. ಬೆರಳು ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆಯು ಸುಮಾರು ಮೂರು ಅಡಿ ಉದ್ದ, ಒಂದು ಅಡಿ ಅಗಲ. ಅದಕ್ಕೆ ಅನ್ನವನ್ನೂ ಇದ್ದಲಿನ ಪುಡಿಯನ್ನೂ ಬಳಿಯುವರು. ಕಡತವೆಂದರೆ ಗಂಜಿ ಹಾಕಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ ಇದ್ದಲು ಮತ್ತು ಅಂಟುಗಳ ಲೇಪ ಕೊಟ್ಟದ್ದು. ಬರೆಯುವುದು ಬಳಪದಿಂದ, ಅಳಿಸುವುದು ಒದ್ದೆ ಬಟ್ಟೆಯಿಂದ. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ತರಗತಿಗಳಾಗಿ ವಿಂಗಡಿಸಿ, ಕೆಳಗಿನವರನ್ನು ಮೇಲಿನ ಹುಡುಗರ ವಶಕ್ಕೆ ಕೊಡುವರು. ಉಪಾಧ್ಯಾಯರ ದೃಷ್ಟಿ ಎಲ್ಲರ ಮೇಲೆಯೂ ಇರುವುದು. ಈ ಮಿತವ್ಯಯವನ್ನೂ ಕಲಿಸುತ್ತ ಕಲಿಯುವ ಕ್ರಮವನ್ನೂ ಕ್ಯಾಂಪ್‌ಬೆಲ್ಲನು ಮೆಚ್ಚಿಕೊಂಡು, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದು ಅಭಿಪ್ರಾಯಪಟ್ಟನು.

ದೋಷಗಳನ್ನು ಅವನು ಮರೆಮಾಡಲಿಲ್ಲ. ಬೆಳಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನಿಗೆ ಒಂದು ಸೊನ್ನೆ. ಮೂರನೆಯವನಿಗೆ ಮೆಲ್ಲನೆ ಒಂದು ಪೆಟ್ಟು. ಅಲ್ಲಿಂದ ಮುಂದೆ ತಡವಾದಷ್ಟೂ ಪೆಟ್ಟು ಹೆಚ್ಚು. ಸೋಮಾರಿಯನ್ನು ತೊಲೆಗೆ ತೂಗುಹಾಕುವ ಶಿಕ್ಷೆಯೂ ಇದ್ದಿತು. ಓದುವ ಪದ್ಯಗ್ರಂಥಗಳ ಭಾಷೆಯು ಆಡುಮಾತಿಗೆ ದೂರವಾದುದರಿಂದ ಮಕ್ಕಳಿಗೆ ಅಕ್ಷರವು ಬಂದಷ್ಟು ಅರ್ಥವು ಬರುತ್ತಿರಲಿಲ್ಲ. ಜಗಲಿ ಶಾಲೆಯನ್ನು ಹೊಗಳುವವರು ಈ ಬೆತ್ತವನ್ನೂ, ಅರ್ಥವಿಲ್ಲದ ಕಂಠಪಾಠವನ್ನೂ, ಅರವತ್ತೇ ಬಾಲಕಿಯರೆಂಬ ಲೆಕ್ಕವನ್ನೂ ಬದಿಗೊತ್ತಲಾಗದು.

ಹೀಗಿದ್ದರೂ ಆ ಶಾಲೆಯ ಒಂದು ಗುಣವು ಗಮನಾರ್ಹವಾಗಿದೆ. ಕಲಿಸುವ ಹುಡುಗನೂ ಕಲಿಯುವ ಹುಡುಗನೂ ಒಂದೇ ಊರಿನವರು, ಗುಂಪು ಚಿಕ್ಕದು, ಮರಳಿನ ಮೇಲಣ ತಪ್ಪು ಒಂದು ಕೈಯಾಟದಲ್ಲಿ ಅಳಿಸಿಹೋಗುವುದು. ಇಂಗ್ಲೆಂಡಿಗೆ ಹೋದದ್ದು ಮರಳೂ ವಿಧಾನವೂ ಮಾತ್ರ. ಬೆಲ್ಲನ ಪ್ರತಿಸ್ಪರ್ಧಿಯಾದ ಜೋಸೆಫ್ ಲ್ಯಾಂಕಾಸ್ಟರನು ಲಂಡನ್ನಿನಲ್ಲಿ, ಸಾವಿರ ಮಕ್ಕಳನ್ನು ಒಬ್ಬನೇ ಉಪಾಧ್ಯಾಯನು ನಡೆಸಬಹುದೆಂದು ಸಾರಿದನು. ವಿಶಾಲವಾದ ಕೊಠಡಿಯಲ್ಲಿ ಸಾಲುಸಾಲಾಗಿ ಕುಳಿತ ಬಡಮಕ್ಕಳು ಆಜ್ಞೆಗೆ ತಕ್ಕಂತೆ ಏಳುತ್ತ ಕೂರುತ್ತ ಕಲಿಯತೊಡಗಿದರು. ಹನ್ನೆರಡು ಮಕ್ಕಳ ಜಗಲಿಯಲ್ಲಿ ಪರಸ್ಪರ ಸಹಾಯವಾಗಿದ್ದುದು ಅಲ್ಲಿ ಕವಾಯತಿಗೆ ಸಮೀಪವಾಯಿತು. ವಿಧಾನವು ಅದೇ, ಬದಲಾದದ್ದು ಎಡೆ.

ಇತ್ತ ಬಳ್ಳಾರಿಯಲ್ಲಿ ವಿಧಾನವು ಉಳಿದು ಎಡೆಯೇ ಕುಸಿಯುತ್ತಿದ್ದಿತು. ಜಿಲ್ಲೆಯಲ್ಲಿ ಹತ್ತು ಲಕ್ಷಕ್ಕೆ ಸಮೀಪದ ಜನರಿದ್ದರೂ ಶಾಲೆಯಲ್ಲಿರುವವರು ಏಳು ಸಾವಿರಕ್ಕೂ ಕಡಮೆ ಎಂದು ಕ್ಯಾಂಪ್‌ಬೆಲ್ಲನು ವಿಷಾದಿಸಿದನು. ಹಿಂದೆ ಶಾಲೆಗಳಿದ್ದ ಅನೇಕ ಗ್ರಾಮಗಳಲ್ಲಿ ಈಗ ಇಲ್ಲ. ದೊಡ್ಡ ಶಾಲೆಗಳಿದ್ದೆಡೆಗಳಲ್ಲಿ ಉಳ್ಳವರ ಕೆಲವು ಮಕ್ಕಳು ಮಾತ್ರ. ಕಾರಣವಾಗಿ ಅವನು ಹೇಳಿದ್ದು ದೇಶದ ಬಡತನವನ್ನು: ಐರೋಪ್ಯ ಬಟ್ಟೆಯು ಬಂದು ನೇಕಾರರ ಗಳಿಕೆಯು ಕುಗ್ಗಿದೆ, ದೇಶೀಯ ಪ್ರಭುಗಳು ಇಲ್ಲಿಯೇ ವೆಚ್ಚ ಮಾಡುತ್ತಿದ್ದ ಹಣವು ಹೊರಕ್ಕೆ ಹರಿಯುತ್ತಿದೆ. ಕಂಪೆನಿಯ ಅಧಿಕಾರಿಯೇ ಬರೆದ ಮಾತಾದುದರಿಂದ ಇದಕ್ಕೆ ಹೆಚ್ಚಿನ ತೂಕವಿದೆ.

1826ರ ಮಾರ್ಚ್ 10ರ ಟಿಪ್ಪಣಿಯಲ್ಲಿ ಮನ್ರೋ ಇಡೀ ಪ್ರಾಂತದ ಲೆಕ್ಕವನ್ನು ಕೊಟ್ಟನು: 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು. ಉಪಾಧ್ಯಾಯರ ತಿಂಗಳ ಸಂಪಾದನೆಯು ಸಾಮಾನ್ಯವಾಗಿ ಆರೇಳು ರೂಪಾಯಿಗಳನ್ನು ಮೀರದೆಂದೂ, ಯೋಗ್ಯರನ್ನು ಆಕರ್ಷಿಸಲು ಅದು ಸಾಲದೆಂದೂ ಅವನು ಕಂಡುಕೊಂಡನು. ಉಪಾಧ್ಯಾಯನಿಗೆ ತಿಂಗಳಿಗೆ ಒಂಬತ್ತು ರೂಪಾಯಿಯ 300 ತಹಶೀಲ್ದಾರಿ ಶಾಲೆಗಳು, ಹದಿನೈದು ರೂಪಾಯಿಯ 40 ಜಿಲ್ಲಾ ಶಾಲೆಗಳು, ಪುಸ್ತಕ ಸಂಘಕ್ಕೆ 700 ರೂಪಾಯಿ, ಹೀಗೆ ವರ್ಷಕ್ಕೆ 48,000 ರೂಪಾಯಿಗಳ ಯೋಜನೆಯನ್ನು ಸಿದ್ಧಪಡಿಸಿದನು. ಮರುವರ್ಷವೇ ಅವನು ಪತ್ತಿಕೊಂಡದಲ್ಲಿ ತೀರಿಕೊಂಡನು. ಆ ಶಾಲೆಗಳೂ ಬಹುಕಾಲ ನಿಲ್ಲದೆ 1836ರಲ್ಲಿ ರದ್ದಾದುವು.

ಶಾಲೆಯ ವಾತಾವರಣವೆಂದರೆ ಗೋಡೆ, ಬೆಂಚು, ಗಾಳಿ, ಬೆಳಕುಗಳಷ್ಟೇ ಎಂದು ಎಣಿಸುವ ರೂಢಿಯಿದೆ. ಅವು ಬೇಕಾದುವೇ; ಆದರೆ ಇಕ್ಕೇರಿಯ ಮಂಟಪದಲ್ಲಿ ಗೋಡೆಯೂ ಬೆಂಚೂ ಇರಲಿಲ್ಲ. ಅಲ್ಲಿದ್ದುದು ತಿದ್ದುವ ಮೂವರು ಗೆಳೆಯರು. ಮಣಲಿಯಲ್ಲಿದ್ದುದು ಗುರುವಿನ ಸಂಸಾರಕ್ಕೆ ನೆಮ್ಮದಿಯ ಅನ್ನ, ಮಕ್ಕಳ ಕಿವಿಗೆ ಹೊಸ ನಾದ. ಬಳ್ಳಾರಿಯ ನೇಕಾರನ ಮಗ್ಗ ನಿಂತಾಗ ಅವನ ಮಗನು ಜಗಲಿಯಿಂದ ಇಳಿದನು. ಉಪಾಧ್ಯಾಯನೂ ಮರಳೂ ಅಲ್ಲಿಯೇ ಇದ್ದರೂ ಅವನ ಪಾಲಿಗೆ ಶಾಲೆಯು ಮುಗಿಯಿತು. ತರಗತಿಯ ಎಲ್ಲೆಯು ಅದರ ಬಾಗಿಲಿನಲ್ಲಿ ಕೊನೆಗೊಳ್ಳುವುದಿಲ್ಲವೆಂಬುದನ್ನು ಈ ಹಳೆಯ ಕಡತಗಳು ಅಂಕಿಗಳ ಮೂಲಕವೇ ತಿಳಿಸುತ್ತವೆ.